ಕಣ್ಣು ತೆರೆಯದ ನಾಯಿಮರಿಗಳ ಪಾಲನೆ: ಹಾಲಿಗಿಂತ ಮೊದಲು ಬೆಚ್ಚನೆಯ ಆಸರೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು ಕನ್ನಡಿಗರಿಗೆ ಹೆಮ್ಮೆಯ ಆಸ್ತಿ. ಗಂಗ ದೊರೆ ಬೂತುಗನಿಂದ ಮಣಲರನೆಂಬ ವೀರನು ಪಡೆದ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೊಂದಿಗೆ ತಾನೂ ಮಡಿದ ವೃತ್ತಾಂತವನ್ನು ಆ ಕಲ್ಲು ಸಾರುತ್ತದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದರ ಸಾವಿಗೆ ಕಲ್ಲು ನೆಟ್ಟು, ಭೂಮಿ ದತ್ತಿ ಬಿಟ್ಟ ಜನ ನಮ್ಮ ಹಿರಿಯರು. ಶ್ರೀ ದತ್ತಾತ್ರೇಯರ ಪಾದದ ಬಳಿ ನಾಯಿಗಳಿಲ್ಲದ ಪಟವನ್ನು ನಾವು ಕಂಡವರಲ್ಲ. ಹೀಗೆ ನಾಯಿಯನ್ನು ಆದರದಿಂದ ಕಂಡ ಪರಂಪರೆ ನಮ್ಮದಾದರೂ, ಹುಟ್ಟಿ ನಾಲ್ಕು ದಿನವೂ ಆಗದ ಮರಿಯೊಂದು ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಕುಂಯ್‌ಗುಟ್ಟಿದಾಗ ಏನು ಮಾಡಬೇಕೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ನಮ್ಮ ದೇಶದ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಕೂಡುತ್ತವೆ. ಗರ್ಭದ ಅವಧಿ ಸುಮಾರು 63 ದಿನಗಳು. ಆದ್ದರಿಂದ ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯವರೆಗಿನ ಚಳಿಯ ದಿನಗಳಲ್ಲಿಯೇ ಮರಿಗಳು ಹೆಚ್ಚಾಗಿ ಕಾಣಿಸುತ್ತವೆ. ವಾಹನಗಳ ಅಡಿ, ಪಂಪಿನ ಕೋಣೆ, ಕಟ್ಟುತ್ತಿರುವ ಕಟ್ಟಡದ ಮರಳು ರಾಶಿ ಇವೇ ಅವುಗಳ ಹೆರಿಗೆ ಮನೆಗಳು. ಮಕ್ಕಳು ಮರುಕದಿಂದ ಒಂದು ಬಟ್ಟಲು ಹಾಲು ತಂದಿಡುತ್ತಾರೆ. ಎರಡು ದಿನಗಳಲ್ಲಿ ಮರಿ ಭೇದಿ ಮಾಡಿಕೊಂಡು ಸಾಯುತ್ತದೆ. “ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ” ಎಂದು ಆರಂಭವಾಗುವ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಕರುಣೆಗೆ ತಿಳಿವಳಿಕೆಯ ಜೊತೆ ಸಿಕ್ಕಿದರೆ ಇಂತಹ ಎಷ್ಟೋ ಸಾವುಗಳನ್ನು ತಪ್ಪಿಸಬಹುದು. ಅದಕ್ಕಾಗಿಯೇ ಈ ಬರಹ.

ತಾಯಿ ನಿಜವಾಗಿಯೂ ಇಲ್ಲವೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹಾಲೂಡಿಸುವ ನಾಯಿಗೆ ಹಸಿವು ಅಪಾರ. ಅದು ಆಹಾರ ಅರಸುತ್ತಾ ಕೆಲವು ಗಂಟೆಗಳ ಕಾಲ ಮರಿಗಳನ್ನು ಬಿಟ್ಟು ಹೋಗುವುದು ಸಹಜ. ಮರಿಗಳು ಒಂದರ ಮೇಲೊಂದು ಒರಗಿ, ಹೊಟ್ಟೆ ತುಂಬಿಕೊಂಡು, ಸದ್ದಿಲ್ಲದೆ ಮಲಗಿದ್ದರೆ ತಾಯಿ ಬಂದು ಹೋಗುತ್ತಿದೆ ಎಂದೇ ಅರ್ಥ. ಆಗ ನಾವು ದೂರ ನಿಂತು ಕಾಯಬೇಕು. ಮರಿಗಳ ಸುತ್ತ ಜನ ನೆರೆದರೆ ತಾಯಿ ಹತ್ತಿರ ಬರಲು ಅಂಜುತ್ತದೆ. ತಾಯಿಯ ಹಾಲಿಗೆ, ಅದರಲ್ಲಿಯೂ ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿಗೆ, ಸರಿಸಮನಾದ ವಸ್ತು ಯಾವ ಅಂಗಡಿಯಲ್ಲಿಯೂ ದೊರೆಯದು. ರೋಗ ತಡೆಯುವ ಶಕ್ತಿ ಮರಿಗೆ ಬಹುಪಾಲು ಬರುವುದು ಆ ಗಿಣ್ಣುಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಸಾಮರ್ಥ್ಯ ಮರಿಯ ಕರುಳಿಗೆ ಇರುವುದು ಹುಟ್ಟಿದ ಮೊದಲ ಒಂದು ದಿನದಷ್ಟು ಕಾಲ ಮಾತ್ರ.

ಹೀಗಾಗಿ ತಾಯಿ ಇದ್ದಲ್ಲಿ ಮರಿಗಳಿಗೆ ಉಣಿಸುವ ಅತ್ಯುತ್ತಮ ಮಾರ್ಗವೆಂದರೆ ತಾಯಿಗೆ ಉಣಿಸುವುದು. ಮರಿಗಳಿಗೆ ಮೂರು ನಾಲ್ಕು ವಾರಗಳಾಗುವ ಹೊತ್ತಿಗೆ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕಾಗುತ್ತದೆ. ಅನ್ನದೊಂದಿಗೆ ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸ, ಇಲ್ಲವೇ ಅಂಗಡಿಯಲ್ಲಿ ದೊರೆಯುವ ನಾಯಿಮರಿಯ ಸಿದ್ಧ ಆಹಾರ, ಜೊತೆಗೆ ಸದಾ ಶುದ್ಧ ನೀರು, ಇಷ್ಟನ್ನು ಒದಗಿಸಿದರೆ ಉಳಿದ ಕೆಲಸವನ್ನು ತಾಯಿ ನಮಗಿಂತ ಚೆನ್ನಾಗಿ ಮಾಡುತ್ತದೆ. ತಾಯಿ ಅಪಘಾತಕ್ಕೀಡಾಗಿದ್ದರೆ, ಗಂಟೆಗಳು ಉರುಳಿದರೂ ಬಾರದಿದ್ದರೆ, ಮರಿಗಳು ತಣ್ಣಗಾಗಿ ಒಂದೇ ಸಮನೆ ಅರಚುತ್ತಿದ್ದರೆ ಮಾತ್ರ ನಾವು ಕೈಹಾಕಬೇಕು.

ವಯಸ್ಸನ್ನು ಅಂದಾಜು ಮಾಡುವುದೂ ಅಗತ್ಯ. ಹೊಕ್ಕುಳ ಬಳ್ಳಿ ಇನ್ನೂ ಅಂಟಿಕೊಂಡಿದ್ದರೆ ಹುಟ್ಟಿ ಎರಡು ಮೂರು ದಿನಗಳಷ್ಟೇ ಆಗಿವೆ. ಕಣ್ಣುಗಳು ತೆರೆಯುವುದು 10ರಿಂದ 14 ದಿನಗಳ ನಡುವೆ. ಕಿವಿಗಳು ತೆರೆಯುವುದು ಅದರ ಹಿಂದೆಯೇ. ತಡವರಿಸುತ್ತಾ ನಡೆಯುವ, ಒಸಡಿನಲ್ಲಿ ಹಾಲುಹಲ್ಲು ಮೊಳೆಯುತ್ತಿರುವ ಮರಿಗೆ ಮೂರು ವಾರಗಳು ದಾಟಿವೆ ಎನ್ನಬಹುದು.

ಮೊದಲು ಬೆಚ್ಚಗಿಡಿ, ಆನಂತರ ಉಣಿಸಿ

ಈ ಬರಹದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಓದುಗರು ಇದನ್ನು ನೆನಪಿಡಲಿ: ತಣ್ಣಗಿರುವ ಮರಿಗೆ ಏನನ್ನೂ ಕುಡಿಸಬಾರದು. ಹುಟ್ಟಿದ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರದಲ್ಲಿ ಅದಕ್ಕೆ ನಡುಗಲು ಕೂಡ ಬಾರದು. ಬೆಳೆದ ನಾಯಿಯ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ, ಮೊದಲ ವಾರದ ಮರಿಯದು 35ರಿಂದ 37 ಡಿಗ್ರಿ. ಇದಕ್ಕಿಂತ ಕೆಳಗಿಳಿದರೆ ಕರುಳಿನ ಚಲನೆ ನಿಧಾನವಾಗಿ ನಿಂತೇಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಹುಳಿಯುತ್ತದೆ, ಇಲ್ಲವೇ ಮೇಲೆ ಬಂದು ಶ್ವಾಸಕೋಶವನ್ನು ಸೇರುತ್ತದೆ. ಹಸಿವಿನಿಂದ ಸತ್ತಿತೆಂದು ನಾವು ಭಾವಿಸುವ ಎಷ್ಟೋ ಮರಿಗಳು ನಿಜವಾಗಿ ಚಳಿಯಿಂದ ಸತ್ತಿರುತ್ತವೆ.

ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಬಟ್ಟೆ ಅಥವಾ ಕಂಬಳಿಯ ತುಂಡನ್ನು ಹಾಸಿ, ಬಿಸಿನೀರಿನ ಚೀಲವನ್ನು ಇಲ್ಲವೇ ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಪಕ್ಕದಲ್ಲಿ ಮಾತ್ರ ಇಡಬೇಕು. ಇನ್ನೊಂದು ಪಕ್ಕ ತಂಪಾಗಿದ್ದರೆ ಸೆಕೆಯಾದಾಗ ಮರಿ ತೆವಳಿಕೊಂಡು ಅತ್ತ ಸರಿಯಬಲ್ಲದು. ಮೊದಲ ವಾರ ಮಲಗುವ ಜಾಗದ ಶಾಖ 29ರಿಂದ 32 ಡಿಗ್ರಿ ಇರಬೇಕು. ಎರಡು ಮೂರನೆಯ ವಾರಗಳಲ್ಲಿ 27 ಡಿಗ್ರಿಯ ಸುಮಾರು ಸಾಕು. ಚೆನ್ನೈನ ಬೇಸಿಗೆಯಲ್ಲಿ ಇದಕ್ಕೆ ಹೆಚ್ಚಿನ ಏರ್ಪಾಡೇ ಬೇಡ. ಗಾಳಿಯಾಡುವ ಮೂಲೆ ಸಾಕು. ದೆಹಲಿಯ ಜನವರಿಯ ರಾತ್ರಿಯಲ್ಲಾದರೆ ನೀರಿನ ಬಾಟಲಿಯನ್ನು ರಾತ್ರಿಯಿಡೀ ಮತ್ತೆ ಮತ್ತೆ ಬದಲಿಸಬೇಕಾದೀತು. ತಣ್ಣಗಾದ ಮರಿಯನ್ನು ಒಮ್ಮೆಲೇ ಕಾಯಿಸದೆ, ಒಂದೆರಡು ಗಂಟೆಗಳ ಅವಧಿಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಬೇಕು. ಮೈಗೆ ತಾಗಿಸಿ ಎದೆಯ ಬಳಿ ಇಟ್ಟುಕೊಳ್ಳುವ ಹಳೆಯ ಉಪಾಯವೂ ಒಳ್ಳೆಯದೇ. ಫ್ಯಾನಿನ ನೇರ ಗಾಳಿ, ಹವಾನಿಯಂತ್ರಣ ಯಂತ್ರದ ತಂಪು ಇವು ಸಲ್ಲವು.

ಹಸುವಿನ ಹಾಲು ಏಕೆ ಸಲ್ಲದು?

ಅಮೃತವೆಂದು ನಾವು ಭಾವಿಸುವ ಹಸುವಿನ ಹಾಲು ಕರುವಿಗೆ ಅಮೃತ, ನಾಯಿಮರಿಗಲ್ಲ. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ 4ರಷ್ಟು, ಪ್ರೋಟೀನು ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಶೇಕಡಾ 5ರ ಸಮೀಪ. ನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡಾ 9, ಪ್ರೋಟೀನು 7ರಿಂದ 8, ಲ್ಯಾಕ್ಟೋಸ್ ಮಾತ್ರ 3ರಿಂದ 4. ಅಂದರೆ ಮರಿಗೆ ಬೇಕಾದ ಶಕ್ತಿ ಹಸುವಿನ ಹಾಲಿನಲ್ಲಿ ಅರ್ಧದಷ್ಟೂ ಇಲ್ಲ. ಅದು ಅರಗಿಸಿಕೊಳ್ಳಲಾರದ ಸಕ್ಕರೆ ಮಾತ್ರ ಹೆಚ್ಚಾಗಿದೆ. ಅರಗದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಉಂಟುಮಾಡುತ್ತದೆ. 300 ಗ್ರಾಂ ತೂಕದ ಜೀವಿಗೆ ಒಂದು ದಿನದ ಭೇದಿಯೇ ಮಾರಕವಾಗಬಲ್ಲದು.

‘ಗಟ್ಟಿ ಹಾಲು ಅರಗದು, ನೀರು ಬೆರೆಸೋಣ’ ಎಂಬುದು ಇನ್ನೊಂದು ತಪ್ಪು ಕಲ್ಪನೆ. ನೀರು ಬೆರೆಸಿದರೆ ಮೊದಲೇ ಕಡಿಮೆಯಿದ್ದ ಪೋಷಣೆ ಇನ್ನೂ ಕಡಿಮೆಯಾಗುತ್ತದೆ. ಮುಂಬಯಿ, ದೆಹಲಿಗಳಲ್ಲಿ ಬಳಕೆಯಲ್ಲಿರುವ ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚಿದ್ದರೂ ಪ್ರೋಟೀನು ಸಾಲದು, ಲ್ಯಾಕ್ಟೋಸ್ ಕಡಿಮೆಯಿಲ್ಲ. ಮನುಷ್ಯರ ಶಿಶುಗಳ ಹಾಲಿನ ಪುಡಿಯಂತೂ ತಾಯಿಯ ಎದೆಹಾಲನ್ನು ಅನುಸರಿಸಿ ಸಿದ್ಧಪಡಿಸಿದ್ದು; ಅದರಲ್ಲಿ ಪ್ರೋಟೀನು ತೀರಾ ಕಡಿಮೆ, ಸಕ್ಕರೆ ಇನ್ನೂ ಹೆಚ್ಚು. ಆದ್ದರಿಂದ ನಾಯಿಮರಿಗಳಿಗೆಂದೇ ತಯಾರಾದ ಬದಲಿ ಹಾಲಿನ ಪುಡಿಯನ್ನು ತರುವುದೇ ಸರಿ. ದೊಡ್ಡ ನಗರಗಳಲ್ಲಿ ಸಾಕುಪ್ರಾಣಿಗಳ ಅಂಗಡಿಗಳಲ್ಲಿಯೂ ಪಶುವೈದ್ಯರ ಬಳಿಯೂ ಅದು ದೊರೆಯುತ್ತದೆ. ನಡುರಾತ್ರಿ ಮರಿ ಸಿಕ್ಕಿ ಅಂಗಡಿಗಳು ಮುಚ್ಚಿದ್ದರೆ, ಪಶುವೈದ್ಯರಿಗೆ ದೂರವಾಣಿ ಮಾಡಿ ಆ ಒಂದು ರಾತ್ರಿಗೆ ಏನು ಕೊಡಬಹುದೆಂದು ಕೇಳಬೇಕು. ಹಾಲಿಗೆ ಮೊಟ್ಟೆಯ ಹಳದಿ ಬೆರೆಸಿ ಕೊಡುವ ಕ್ರಮ ಇದೆಯಾದರೂ ಅದು ತಾತ್ಕಾಲಿಕ ಉಪಾಯ ಮಾತ್ರ, ವಾರಗಟ್ಟಲೆ ಮುಂದುವರಿಸತಕ್ಕದ್ದಲ್ಲ.

ಎಷ್ಟು, ಎಷ್ಟು ಬಾರಿ, ಹೇಗೆ?

ಮೊದಲ ವಾರ ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿಯೂ ಸೇರಿ. ಎರಡನೆಯ ವಾರ ಮೂರು ನಾಲ್ಕು ಗಂಟೆಗಳಿಗೊಮ್ಮೆ. ಮೂರನೆಯ ವಾರ ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಉಣಿಸಬೇಕು. ಮರಿಯ ಹೊಟ್ಟೆ ಪುಟ್ಟದು. 100 ಗ್ರಾಂ ತೂಕಕ್ಕೆ ಒಂದು ಬಾರಿಗೆ 4 ಮಿಲಿಲೀಟರಿಗಿಂತ ಹೆಚ್ಚು ಹಿಡಿಸದು. ದಿನದ ಒಟ್ಟು ಪ್ರಮಾಣ 100 ಗ್ರಾಂ ತೂಕಕ್ಕೆ ಹೆಚ್ಚುಕಡಿಮೆ 20 ಮಿಲಿಲೀಟರು. ಲೆಕ್ಕ ಹಾಕಿ ನೋಡೋಣ: 300 ಗ್ರಾಂ ತೂಗುವ ಮರಿಗೆ ದಿನಕ್ಕೆ 60 ಮಿಲಿಲೀಟರು, ಮೂರು ಗಂಟೆಗಳಿಗೊಮ್ಮೆ ಎಂಟು ಬಾರಿ ಕೊಟ್ಟರೆ ಪ್ರತಿಬಾರಿ ಏಳೂವರೆ ಮಿಲಿಲೀಟರು. ಪುಡಿಯಿಂದ ಪುಡಿಗೆ ಸಾಂದ್ರತೆ ಬೇರೆಯಾಗುವುದರಿಂದ ಡಬ್ಬಿಯ ಮೇಲಿನ ಸೂಚನೆಯೂ ವೈದ್ಯರ ಮಾತೂ ಅಂತಿಮ. ತೂಕ ಏರಿದಂತೆ ಪ್ರಮಾಣವನ್ನೂ ಏರಿಸಬೇಕು.

ಹಾಲು ಮೈಶಾಖದಷ್ಟು, ಅಂದರೆ 38 ಡಿಗ್ರಿಯಷ್ಟು, ಬೆಚ್ಚಗಿರಬೇಕು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಮರಿಗಳಿಗೆಂದೇ ಇರುವ ಪುಟ್ಟ ಹಾಲಿನ ಬಾಟಲಿ ಇಲ್ಲವೇ ಸೂಜಿ ತೆಗೆದ ಸಿರಿಂಜು ಸಾಕು. ಬಾಟಲಿಯನ್ನು ತಲೆಕೆಳಗಾಗಿಸಿದಾಗ ಹಾಲು ಹನಿಹನಿಯಾಗಿ ತೊಟ್ಟಿಕ್ಕಬೇಕು, ಧಾರೆಯಾಗಿ ಸುರಿಯಬಾರದು. ಪ್ರತಿಬಾರಿಯೂ ತೊಳೆದು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುವುದು ಕಡ್ಡಾಯ. ಕಲಸಿದ ಹಾಲು ಉಳಿದರೆ ಚೆಲ್ಲಬೇಕು.

ಮರಿಯನ್ನು ಹಿಡಿಯುವ ರೀತಿಯಲ್ಲಿಯೇ ಹೆಚ್ಚಿನ ತಪ್ಪು ನಡೆಯುವುದು. ಎಳೆಮಗುವನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಹಾಲೂಡಿಸಿದಂತೆ ನಾಯಿಮರಿಗೆ ಊಡಿಸಕೂಡದು. ತಾಯಿಯ ಬಳಿ ಅದು ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ತುಸು ಎತ್ತಿ, ಮುಂಗಾಲುಗಳಿಂದ ಒತ್ತುತ್ತಾ ಕುಡಿಯುತ್ತದೆ. ಅದೇ ಭಂಗಿಯಲ್ಲಿ ಟವೆಲಿನ ಮೇಲೆ ಮಲಗಿಸಿ ಕುಡಿಸಬೇಕು. ಸಿರಿಂಜಾದರೆ ಬಾಯಿಯ ಪಕ್ಕದಿಂದ ಒಂದೊಂದೇ ಹನಿ. ಮರಿ ನುಂಗಿದ ಮೇಲೆ ಮುಂದಿನ ಹನಿ. ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ, ತಲೆಯನ್ನು ತಗ್ಗಿಸಿ ಒರೆಸಬೇಕು. ಆನಂತರ ಉಸಿರಾಟದಲ್ಲಿ ಗೊರಗೊರ ಸದ್ದು ಕೇಳಿದರೆ ವೈದ್ಯರ ಬಳಿ ಒಯ್ಯಲೇಬೇಕು. ಬಾಯಿಗೆ ಬೆರಳ ತುದಿ ಇಟ್ಟರೆ ಚೀಪದ ಮರಿಗೆ ಬಲವಂತವಾಗಿ ಕುಡಿಸುವುದು ಅಪಾಯ. ಅಂತಹದಕ್ಕೆ ಕೊಳವೆಯ ಮೂಲಕ ಊಡಿಸುವುದು ಪಶುವೈದ್ಯರ ಕೆಲಸ.

ಉಣಿಸಿದರೆ ಮುಗಿಯಲಿಲ್ಲ

ಮೂರು ವಾರಗಳಾಗುವವರೆಗೆ ಮರಿಗೆ ತಾನಾಗಿ ಮಲಮೂತ್ರ ವಿಸರ್ಜನೆ ಮಾಡಲು ಬಾರದು ಎಂಬ ಸಂಗತಿ ಅನೇಕರಿಗೆ ಆಶ್ಚರ್ಯವೆನಿಸೀತು. ತಾಯಿ ನೆಕ್ಕಿ ನೆಕ್ಕಿ ಅದನ್ನು ಪ್ರಚೋದಿಸುತ್ತದೆ. ತಾಯಿಯಿಲ್ಲದಾಗ ನಾವು ಪ್ರತಿಬಾರಿ ಊಡಿಸಿದ ಬಳಿಕ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಆ ಭಾಗವನ್ನು ಮೆಲ್ಲಗೆ ಒರೆಸಬೇಕು. ಮೂತ್ರ ತಿಳಿಯಾಗಿದ್ದರೆ ನೀರಿನಂಶ ಸಾಕಷ್ಟಿದೆ. ಗಾಢ ಹಳದಿಯಾದರೆ ಸಾಲದು. ಒಸಡು ತಿಳಿಗೆಂಪಾಗಿ ಒದ್ದೆಯಾಗಿರಬೇಕು, ಒಣಗಿ ಅಂಟಂಟಾಗಿರಬಾರದು.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯೂ ಒಂದು ಪುಸ್ತಕವೂ ಈ ಕಾರ್ಯದಲ್ಲಿ ಬಹು ಉಪಯುಕ್ತ. ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ದಿನಾಂಕದೊಡನೆ ಬರೆದಿಡಬೇಕು. ಹುಟ್ಟುತೂಕದ ಶೇಕಡಾ 5ರಿಂದ 10ರಷ್ಟು ಪ್ರತಿದಿನ ಜಮೆಯಾಗುತ್ತಿರಬೇಕು. 300 ಗ್ರಾಂ ಮರಿಯಾದರೆ ದಿನಕ್ಕೆ 15ರಿಂದ 30 ಗ್ರಾಂ. ಒಂದು ದಿನ ತೂಕ ಏರದಿದ್ದರೆ ಎಚ್ಚರ, ಇಳಿದರೆ ಆ ದಿನವೇ ವೈದ್ಯರ ಭೇಟಿ. ಕಣ್ಣಿಗೆ ಕಾಣುವ ಮೊದಲೇ ಕಾಯಿಲೆಯನ್ನು ಈ ಅಂಕಿಗಳು ಹೇಳಿಬಿಡುತ್ತವೆ.

ಮೈಮೇಲೆ ಚಿಗಟ, ಉಣ್ಣಿಗಳಿದ್ದರೆ ದೊಡ್ಡ ನಾಯಿಗಳ ಔಷಧಿಯನ್ನು ಹಚ್ಚಬಾರದು. ಅದು ಎಳೆಯ ಮರಿಗೆ ವಿಷವಾಗಬಲ್ಲದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯಬೇಕು. ಹಾಗೆಂದು ಬಿಡುವಂತೆಯೂ ಇಲ್ಲ. ಚಿಗಟಗಳು ಹೀರುವ ರಕ್ತವೇ ಪುಟ್ಟ ಮರಿಗೆ ರಕ್ತಹೀನತೆಯನ್ನು ತರುತ್ತದೆ. ಮನೆಯ ಔಷಧಿ ಪೆಟ್ಟಿಗೆಯ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಬಾರದು.

ಗಟ್ಟಿ ಆಹಾರದ ಕಡೆಗೆ

ಮೂರು ವಾರಗಳು ತುಂಬಿ ನಾಲ್ಕನೆಯದರಲ್ಲಿ ಕಾಲಿಟ್ಟಾಗ ತಟ್ಟೆಯ ಅಭ್ಯಾಸ ಮಾಡಿಸಬಹುದು. ನಾಯಿಮರಿಯ ಸಿದ್ಧ ಆಹಾರವನ್ನು ಬದಲಿ ಹಾಲಿನಲ್ಲಿ ನೆನೆಸಿ ಗಂಜಿಯಂತೆ ಕಿವುಚಿ ಅಗಲವಾದ ತಟ್ಟೆಯಲ್ಲಿಡಬೇಕು. ಮೊದಲ ದಿನ ಅದರಲ್ಲಿಯೇ ಕಾಲಿಟ್ಟು ಮೈಯೆಲ್ಲ ಬಳಿದುಕೊಂಡರೆ ಬೇಸರಿಸಬೇಕಿಲ್ಲ. ಕ್ರಮೇಣ ಹಾಲನ್ನು ಕಡಿಮೆ ಮಾಡುತ್ತಾ ಆರೇಳು ವಾರಗಳ ಹೊತ್ತಿಗೆ ಗಟ್ಟಿ ಆಹಾರಕ್ಕೆ ತರಬಹುದು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು ಊಟ ಎಂಬುದು ಸಾಮಾನ್ಯ ಕ್ರಮ.

ನಮ್ಮ ಮನೆಗಳಲ್ಲಿ ನಾಯಿಗೆ ಮೊಸರನ್ನ, ರಾಗಿ ಅಂಬಲಿ ಹಾಕುವುದು ವಾಡಿಕೆ. ಅವು ಕೆಟ್ಟವಲ್ಲ, ಆದರೆ ಬೆಳೆಯುವ ಮರಿಗೆ ಅವಷ್ಟೇ ಸಾಲವು; ಪ್ರೋಟೀನು ಬೇಕೇ ಬೇಕು. ಸಸ್ಯಾಹಾರಿ ಕುಟುಂಬಗಳು ಮೊಟ್ಟೆ, ಮಾಂಸಗಳನ್ನು ಒಲೆಗೇರಿಸಲು ಒಪ್ಪದಿದ್ದರೆ ಅಂಗಡಿಯ ಸಿದ್ಧ ಆಹಾರವೇ ಸುಲಭದ ದಾರಿ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ದ್ರಾಕ್ಷಿ ಇವು ನಾಯಿಗೆ ವಿಷ. ಹಬ್ಬದ ದಿನ ಒಣದ್ರಾಕ್ಷಿ ಹಾಕಿದ ಪಾಯಸವನ್ನು ಪ್ರೀತಿಯಿಂದ ಹಾಕುವ ಮೊದಲು ಇದನ್ನು ನೆನೆಯಬೇಕು. ಬೇಯಿಸಿದ ಮೂಳೆ ಚೂಪಾಗಿ ಒಡೆದು ಕರುಳನ್ನು ಸೀಳಬಲ್ಲದು.

ಜಂತುಹುಳು, ಲಸಿಕೆ ಮತ್ತು ನಮ್ಮ ಸುರಕ್ಷತೆ

ದುಂಡುಹುಳುಗಳು ಗರ್ಭದಲ್ಲಿರುವಾಗಲೇ ತಾಯಿಯಿಂದ ಮರಿಗೆ ದಾಟುತ್ತವೆ. ಆದ್ದರಿಂದ ಎರಡು ವಾರ ವಯಸ್ಸಿನಿಂದ ಆರಂಭಿಸಿ ಎಂಟು ವಾರಗಳವರೆಗೆ ಎರಡು ವಾರಗಳಿಗೊಮ್ಮೆ ಜಂತುನಾಶಕವನ್ನು, ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ, ಕೊಡಬೇಕು. ಈ ಹುಳುಗಳ ಮೊಟ್ಟೆ ಮಕ್ಕಳ ಹೊಟ್ಟೆಯನ್ನೂ ಸೇರಬಲ್ಲದು. ಮರಿಯನ್ನು ಮುಟ್ಟಿದವರು ಸೋಪಿನಿಂದ ಕೈತೊಳೆಯಲೇಬೇಕು.

ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಎರಡು ವೈರಸ್ ರೋಗಗಳು ಮರಿಗಳ ಪಾಲಿನ ಯಮದೂತರು. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ 16 ವಾರಗಳವರೆಗೆ ಮುಂದಿನವು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಗಳು ಪೂರ್ಣವಾಗುವವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡದಿರುವುದು ಕ್ಷೇಮ.

ಪುಟ್ಟ ಮರಿಯಾದರೇನು, ರೇಬಿಸ್ ಅದಕ್ಕೂ ಬರಬಹುದು. ಬೀದಿಯಿಂದ ತಂದ ಮರಿ ಹಲ್ಲು ತಾಗಿಸಿ ಅಥವಾ ಪರಚಿ ಚರ್ಮ ತರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಹಚ್ಚುವುದು ಬೇಡ. ಈ ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆಯಿಲ್ಲ; ತಡೆಯುವ ಲಸಿಕೆ ಮಾತ್ರ ಇದೆ.

ನೆರೆಹೊರೆ ಮತ್ತು ನಿಯಮಗಳು

ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ನಾಯಿಯ ವಿಷಯ ಬಂದರೆ ಮಾತಿಗೆ ಮಾತು ಬೆಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ನಾಯಿಗೆ ಹೆದರುವ ಹಿರಿಯರ, ಮಕ್ಕಳ ಅಳಲೂ ನ್ಯಾಯವಾದುದೇ. ಪ್ರಾಣಿಗಳಿಗೆ ಹಿಂಸೆಯನ್ನು 1960ರ ಕಾಯಿದೆ ನಿಷೇಧಿಸುತ್ತದೆ. ಜೀವಿಗಳಲ್ಲಿ ದಯೆಯನ್ನು ಸಂವಿಧಾನದ 51ಎ ವಿಧಿಯು ನಾಗರಿಕರ ಕರ್ತವ್ಯವೆನ್ನುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಆಹಾರ ಹಾಕುವ ಸ್ಥಳವನ್ನು ಮೆಟ್ಟಿಲು, ಕಟ್ಟಡದ ಬಾಗಿಲು, ಮಕ್ಕಳ ಆಟದ ಜಾಗಗಳಿಂದ ದೂರದಲ್ಲಿ ಗೊತ್ತುಮಾಡಬೇಕೆಂದು ಹೇಳುತ್ತವೆ. ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ ಆಹಾರ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ ತಿಳಿಸಿತು. ಮರಿ ಬೆಳೆದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು, ಸಾಧ್ಯವಾದರೆ ತಾಯಿಗೂ ಮಾಡಿಸುವುದು, ಉಣಿಸಿದವರ ಹೊಣೆಯ ಭಾಗವೇ ಆಗಿದೆ. ಇಲ್ಲವಾದರೆ ಮುಂದಿನ ಚಳಿಗಾಲಕ್ಕೆ ಅದೇ ಮೆಟ್ಟಿಲ ಕೆಳಗೆ ಮತ್ತೆ ಅದೇ ಅರಚಾಟ.

ಸಾಕಲು ಮರಿ ಕೊಡುವವರೂ ಕೊಳ್ಳುವವರೂ ಒಂದು ಮಾತು ತಿಳಿದಿರಬೇಕು. ತಾಯಿ ಇರುವ ಮರಿಯನ್ನು ಎಂಟು ವಾರಗಳಿಗೆ ಮೊದಲು ಅಗಲಿಸಬಾರದು. ಕಚ್ಚುವುದರ ಮಿತಿ, ಜೊತೆಯವರೊಡನೆ ಆಟ, ಭಯವನ್ನು ನೀಗಿಕೊಳ್ಳುವ ಬಗೆ ಇವೆಲ್ಲವನ್ನೂ ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟುಗಳ ನಡುವೆಯೇ.

ಕಷ್ಟ ಬಂದಾಗ ಮುಂಬಯಿಯಲ್ಲಿ ಪರೇಲಿನ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, ಚೆನ್ನೈಯಲ್ಲಿ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಮೊದಲಾದ ಹಳೆಯ ಸಂಸ್ಥೆಗಳಿವೆ. ಅನೇಕ ಬಡಾವಣೆಗಳಲ್ಲಿ ಖಾಸಗಿ ಪಶುವೈದ್ಯರಿದ್ದಾರೆ. ತುರ್ತು ಬರುವ ಮೊದಲೇ ಹತ್ತಿರದ ಒಬ್ಬರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಗಿಣ್ಣುಹಾಲು ಕಾಣದ ಮರಿಗೆ ಬದುಕುವುದು ಕಷ್ಟ. ನಿದ್ದೆಗೆಟ್ಟು ಸಾಕಿದ ಮಕ್ಕಳು ಅತ್ತರೆ ‘ಹೋಗಲಿ ಬಿಡು, ಬೀದಿನಾಯಿ’ ಎನ್ನದೆ, ಅವರು ಮಾಡಿದ್ದು ಸರಿಯಾದ ಕೆಲಸವೆಂದು ಹೇಳುವುದು ಹಿರಿಯರಾದ ನಮ್ಮ ಕರ್ತವ್ಯ. ಉಳಿದ ಮರಿಯೊಂದು ಹದಿನಾಲ್ಕನೆಯ ದಿನ ಕಣ್ಣು ತೆರೆದು ನೋಡಿದಾಗ ಮನೆಯವರಿಗೆಲ್ಲ ಆಗುವ ಸಂತೋಷವನ್ನು ಸಾಕಿದವರೇ ಬಲ್ಲರು. ಈ ಚಳಿಗಾಲದಲ್ಲಿ ನಿಮ್ಮ ಕಟ್ಟಡದ ಬಳಿ ಅಂತಹ ಕೂಗು ಕೇಳಿಸಿದರೆ, ಹಾಲಿನ ಪಾತ್ರೆಗೆ ಕೈಹಾಕುವ ಮೊದಲು ಮರಿಯ ಮೈಮುಟ್ಟಿ ನೋಡಿ. ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಉಳಿದುದು.